ಕರಿಪಣೆ ಗುಡ್ಡವನ್ನು ಕೆಳಗಿಳಿಸಿ ಕೊಡುವ ಬಗ್ಗೆ

ಇಂದ: ಅನಿಟಾ ಸ್ಕರಿಯ, ಸಮಾಜ ಕಾರ್ಯಕರ್ತೆ, ಕಡಬ.

ಗೆ: ಮಾನ್ಯ ಹೆಬ್ಬೆಟ್ಟು ಖಾತರಿ ಅಧಿಕಾರಿಗಳು, ಪಡಿತರ ವಿಭಾಗ.

ವಿಷಯ: ಆಲೆಟ್ಟಿ ಕಡೆಯ ಕರಿಪಣೆ ಗುಡ್ಡವನ್ನು ಸೇವಂತಿಯವರ ಅಂಗಳಕ್ಕೆ ಸ್ಥಳಾಂತರಿಸುವ, ತಪ್ಪಿದಲ್ಲಿ ನಿಯಮ ತಿದ್ದುವ ಬಗ್ಗೆ.

ಉಲ್ಲೇಖ: ಅರ್ಜಿದಾರಳ ಹಿಂದಿನ ಅರ್ಜಿಗಳು ಹಾಗೂ "ಪರಿಶೀಲಿಸಲಾಗುವುದು" ಎಂಬ ತಮ್ಮ ಉತ್ತರ.

ಮಾನ್ಯರೇ,

೧. ಅಕ್ಕಿ ಬೇಕಾದವರು ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಯಂತ್ರಕ್ಕೆ ನೆಟ್‌ವರ್ಕ್ ಬೇಕು. ಕರಿಪಣೆಯಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ತುದಿಯ ಪಾದೆಕಲ್ಲಿನ ಮೇಲೆ ಮಾತ್ರ. ಕಾರಣ, ಪಡಿತರ ಅಂಗಡಿಯ ಜತ್ತಪ್ಪ ತಿಂಗಳಿಗೊಮ್ಮೆ ಯಂತ್ರವನ್ನು ಕೂಸಿನಂತೆ ಎತ್ತಿಕೊಂಡು ಗುಡ್ಡ ಹತ್ತುತ್ತಾರೆ. ಊರೆಲ್ಲ ಹಿಂದೆ ಹತ್ತಿ, ಹೆಬ್ಬೆಟ್ಟು ಒತ್ತಿ, ಅಕ್ಕಿಗಾಗಿ ಮತ್ತೆ ಇಳಿಯುತ್ತದೆ.

೨. ಒಂಟಿಯಾಗಿರುವ ಸೇವಂತಿಯವರಿಗೆ ಸೊಂಟ ಮುರಿದಿದೆ. ಅವರ ಪರವಾಗಿ ಬೇರೆಯವರು ಒತ್ತಬಹುದೇ ಎಂದು ಅರ್ಜಿದಾರಳು ಕೇಳಲಾಗಿ, ನಿಯಮದಲ್ಲಿ ಅವಕಾಶವಿಲ್ಲ ಎಂದಿರಿ. ಆದ್ದರಿಂದ ಸ್ಥಳ ಪರಿಶೀಲನೆ ಕೋರಲಾಯಿತು. ಆದ್ದರಿಂದ ತಮ್ಮ ಇನ್‌ಸ್ಪೆಕ್ಟರರು ಬಂದು, ಪಾದೆಕಲ್ಲಿನ ಮೇಲೆ ಕೂತು, ಬೊಂಡದ ಎಳನೀರು ಕುಡಿದು, ಮನೆಗೆ ವಿಡಿಯೊ ಕರೆ ಮಾಡಿ, "ನೆಟ್‌ವರ್ಕ್ ಉತ್ತಮವಾಗಿದೆ, ದೂರು ನಿರಾಧಾರ" ಎಂದು ವರದಿ ಬರೆದರು. ಗಾಳಿಯೂ ಚೆನ್ನಾಗಿತ್ತಂತೆ.

೩. ಕಾರಣ, ಕಳೆದ ತಿಂಗಳು ಸೇವಂತಿಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅರ್ಜಿದಾರಳು, ಜತ್ತಪ್ಪ ಮತ್ತು ನೆರೆಮನೆಯ ಬೋಜಪ್ಪ ಹೊತ್ತು ನಡೆದರು. ಮೂವರೇ ಆದ್ದರಿಂದ ಕುರ್ಚಿ ಒಂದು ಕಡೆಗೆ ವಾಲುತ್ತಿತ್ತು. ಅರ್ಧ ದಾರಿಯಲ್ಲಿ ಸೇವಂತಿ ಹೇಳಿದ್ದನ್ನು ತಮ್ಮ ಅವಗಾಹನೆಗಾಗಿ ಯಥಾವತ್ ನಮೂದಿಸಿದೆ: "ಹೇಗೂ ನನ್ನನ್ನು ಒಂದು ಸಲ ಹೊರ್ಲಿಕ್ಕೆ ಉಂಟಲ್ಲ ಮಾರಾಯ್ತಿ. ಅಷ್ಟರವರೆಗೆ ಆದ್ರೂ ಮನೆಯಲ್ಲಿ ಕೂತ್ಕೊಳ್ಳಿಕ್ಕೆ ಬಿಡಿ." ಅರ್ಜಿದಾರಳಿಗೆ ಅಳು ಬಂತು. ಕುರ್ಚಿ ಬಿಡುವಂತಿರಲಿಲ್ಲವಾದ ಕಾರಣ ಕಣ್ಣೊರೆಸಿಕೊಳ್ಳಲಾಗಲಿಲ್ಲ. ಅಂದು ಅಕ್ಕಿ ಸಿಕ್ಕಿತು. ಈ ತಿಂಗಳು ಅವರು ಕುರ್ಚಿ ಏರಲು ಒಪ್ಪಿಲ್ಲ, ಅಕ್ಕಿಯೂ ಇಲ್ಲ.

೪. ಆ ಅಕ್ಕಿಯನ್ನು ತನ್ನ ಕೈಯಿಂದಲೇ ಹಣ ಹಾಕಿ ಕೊಡುತ್ತೇನೆಂದು ಜತ್ತಪ್ಪ ಹೇಳಿದ್ದಾರೆ. ಸೇವಂತಿಯವರೊಬ್ಬರದ್ದು ಹೇಗಾದರೂ ಸರಿಮಾಡೋಣ, ಸದ್ದು ಮಾಡಬೇಡಿ ಎಂದು ತಮ್ಮ ಕಚೇರಿಯೂ ಹೇಳಿದೆ. ತನ್ನ ಪಾಲಿನ ಅಕ್ಕಿಯನ್ನು ತನಗೇ ದಾನ ಕೊಡುವುದೆಂತಕ್ಕೆ ಎಂದು ಸೇವಂತಿ ಕೇಳುತ್ತಾರೆ. ಅಲ್ಲದೆ ಇಲ್ಲಿಂದ ಸಂಪಾಜೆಯವರೆಗೆ ಗುಡ್ಡಗಳು ಬೇಕಾದಷ್ಟಿದ್ದು, ಪ್ರತಿಯೊಂದರ ಬುಡದಲ್ಲೂ ಒಬ್ಬ ಸೇವಂತಿ ಇದ್ದಾರೆ.

ಆದ್ದರಿಂದ, ನಡೆಯಲಾರದವರ ಮನೆಗೇ ಅಕ್ಕಿ ತಲುಪುವಂತೆ ನಿಯಮ ತಿದ್ದಬೇಕಾಗಿ ವಿನಂತಿ.

ಇಷ್ಟಾದರೂ ತಮ್ಮ ವಿಶ್ವಾಸಿ,
ಅನಿಟಾ ಸ್ಕರಿಯ

ಲಗತ್ತುಗಳು:
ಸೇವಂತಿಯವರ ಸೊಂಟದ ಎಕ್ಸ್‌ರೇ.
ಇನ್‌ಸ್ಪೆಕ್ಟರರು ಪಾದೆಕಲ್ಲಿನ ಮೇಲೆ ತೆಗೆದುಕೊಂಡ ಸೆಲ್ಫಿ.

ವಿಶೇಷ ಕೋರಿಕೆ: ತಿದ್ದುಪಡಿಗೆ ಸಮಯ ಹಿಡಿಯುವುದಾದರೆ, ಕುರ್ಚಿಯ ನಾಲ್ಕನೆಯ ಕಾಲನ್ನು ತಾವೇ ಹಿಡಿಯುವ ಷರತ್ತಿನ ಮೇಲೆ ಇನ್ನೊಮ್ಮೆ ಕೂರಲು ಸೇವಂತಿ ಒಪ್ಪಿದ್ದಾರೆ. ಪಾದೆಕಲ್ಲು ಜಾರುವ ಕಾರಣ ಬೂಟು ಹಾಕಿಕೊಳ್ಳದೆ ಬರಬೇಕು.