ಮಲಗೋರು ಯಾರ್ರಿ?

ಗಾದಿ ಅಂಗಡಿಯಲ್ಲಿ ನಗುವಂಥದ್ದು ಏನು ನಡೆದೀತು ಎಂದು ಕೇಳುವವರು ನಮ್ಮ ಅಜ್ಜನ ಅಂಗಡಿಗೆ ಬಂದವರಲ್ಲ. ಅಲ್ಲಿ ವಾರಕ್ಕೊಂದಾದರೂ ನಡೆಯುತ್ತಿತ್ತು. ಸೀರೆ ಕೊಳ್ಳಲು ಬಂದವರು ಮನೆಯ ಗುಟ್ಟು ಹೇಳುವುದಿಲ್ಲ. ಗಾದಿ ಕೊಳ್ಳಲು ಬಂದವರು ಹೇಳಲೇಬೇಕಾಗುತ್ತದೆ, ಅದರಲ್ಲೂ ಮಾಲೀಕ ಬಿಡದೆ ಕೇಳುವವನಾಗಿದ್ದರೆ.

ಅಜ್ಜ ಬಾಗಲಕೋಟೆ ಕಡೆಯವನು. ಹರೆಯದಲ್ಲೇ ಪುಣೆಗೆ ಬಂದು ಪೇಟೆಯ ಒಂದು ಓಣಿಯಲ್ಲಿ ಹತ್ತಿ ಗಾದಿಯ ಅಂಗಡಿ ಹಾಕಿದ. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಹುಟ್ಟಿದಾಗ ನನ್ನ ಅಳತೆಗೊಂದು ಪುಟ್ಟ ಗಾದಿ ಹೊಲಿದನಂತೆ. ನಾನು ಬೆಳೆದ ಹಾಗೆಲ್ಲ ಅದನ್ನು ಬಿಚ್ಚಿ, ಹತ್ತಿ ಹಿಂಜಿಸಿ, ಉದ್ದ ಮಾಡುತ್ತ ಬಂದ. "ನಿನ್ನ ಮದಿವಿ ಗಾದಿನೂ ನಾನ ಹೊಲಿಯಾಂವ," ಎಂದು ಬಂದವರೆದುರು ಹೇಳಿಕೊಳ್ಳುತ್ತಿದ್ದ. ಆ ಗಾದಿಗಾಗಿ ನಾನು ಪಟ್ಟ ಪಾಡನ್ನು ಕೊನೆಗೆ ಹೇಳುತ್ತೇನೆ.

ಇಂದಾಪುರದ ಮಾವ

ಬೆಲೆ ಹೇಳುವ ಮೊದಲು ಅಜ್ಜ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದ: "ಮಲಗೋರು ಯಾರ್ರಿ?" ಅವರ ವಯಸ್ಸೆಷ್ಟು, ಮೈಭಾರ ಎಷ್ಟು, ಯಾವ ಮಗ್ಗುಲು, ಬೆನ್ನು ನೋವುಂಟೋ, ಗೊರಕೆಯುಂಟೋ, ಇದೆಲ್ಲ ತಿಳಿಯದೆ ಹತ್ತಿ ತೂಗುತ್ತಿರಲಿಲ್ಲ. ಕೇಳುತ್ತಿದ್ದುದು ಮರಾಠಿಯಲ್ಲೇ. ಆದರೆ ಅವನ ಮರಾಠಿ ಬಾಗಲಕೋಟೆಯಿಂದ ಹೊರಟದ್ದು ಇನ್ನೂ ಪುಣೆ ಮುಟ್ಟಿರಲಿಲ್ಲವಾದ್ದರಿಂದ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಒಮ್ಮೆ ಒಬ್ಬ ಹೆಣ್ಣುಮಗಳು ಬಂದು, ಮಲಗುವವರು ತನ್ನ ಗಂಡನ ಸೋದರಮಾವ, ಇಂದಾಪುರದಿಂದ ಬರುತ್ತಾರೆ ಎಂದಳು. ಬಂದರೆ ಎಷ್ಟು ದಿನ ಇರುತ್ತಾರೆಂದು ಅಜ್ಜ ಕೇಳಿದ. ಅದೇ ತೊಂದರೆ, ಹೋಗುವುದೇ ಇಲ್ಲ ಎಂದು ಆಕೆ ಕಣ್ಣಲ್ಲಿ ನೀರು ತಂದುಕೊಂಡಳು. ಅಜ್ಜನಿಗೆ ಅರ್ಥವಾಯಿತು. ಹತ್ತಿ ಕಡಿಮೆ ಹಾಕಿ, ಅಲ್ಲಲ್ಲಿ ಗಂಟು ಬಿಟ್ಟು ಹೊಲಿಯುತ್ತೇನೆ, ಎಂಟು ದಿನಕ್ಕೆ ಊರು ನೆನಪಾಗುತ್ತದೆ ಎಂದು ಮಾತು ಕೊಟ್ಟ.

ತಿಂಗಳಾದ ಮೇಲೆ ಆಕೆ ಮುಖ ಗಂಟಿಕ್ಕಿಕೊಂಡು ಬಂದಳು. ಮಾವ ಈ ಸಲ ಊರಿನ ಹೆಸರನ್ನೇ ಎತ್ತುತ್ತಿಲ್ಲವಂತೆ. ಇಂಥ ಗಾದಿಯ ಮೇಲೆ ಜನ್ಮದಲ್ಲಿ ಮಲಗಿರಲಿಲ್ಲ ಎನ್ನುತ್ತಾರಂತೆ. ಅಜ್ಜ ತಲೆ ತಗ್ಗಿಸಿದ.

"ತಪ್ಪಾತ್ರಿ ತಾಯಿ. ಕೆಟ್ಟ ಗಾದಿ ಮಾಡಬೇಕಂತ ಕುಂತೆ, ಕೈ ಕೇಳಲಿಲ್ಲ."

ಹಾಗಾದರೆ ಆಕೆ, ಅಂಥದ್ದೇ ಇನ್ನೊಂದು ಮಾಡಿಕೊಡಿ ಎಂದಳು. ಮಾವ ಹೋಗದಿದ್ದರೂ ಚಿಂತೆಯಿಲ್ಲ, ತನಗಾದರೂ ನಿದ್ದೆ ಬರಲಿ.

ಒಂದರಿಂದ ನಾಲ್ಕು

ಪೇಟೆಯ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತವೆ. ಪುಣೆಯ ರೂಢಿಗಳಲ್ಲಿ ಅಜ್ಜ ಮನಸಾರೆ ಒಪ್ಪಿಕೊಂಡದ್ದು ಇದೊಂದನ್ನೇ. ಊಟ ಮುಗಿಸಿ ಕೆಳಗಿಳಿದು, ಬಾಗಿಲು ಹಾಕಿ, ಅಂಗಡಿಯ ಮುಂಭಾಗದ ಗಾಜಿನ ಹಿಂದೆ ಗಿರಾಕಿಗಳಿಗೆ ಕಾಣಲೆಂದು ಹಾಸಿಟ್ಟ ಗಾದಿಯ ಮೇಲೆ ಮಲಗಿಬಿಡುತ್ತಿದ್ದ.

ಒಂದು ದಿನ ಒಬ್ಬ ನಿವೃತ್ತ ಮೇಷ್ಟ್ರು ಹೆಂಡತಿಯೊಂದಿಗೆ ಬಂದು ಗಾಜಿನ ಹೊರಗೆ ನಿಂತರು. ಮೇಷ್ಟ್ರಿಗೆ ಬಹಳ ದಿನದಿಂದ ನಿದ್ದೆಯಿಲ್ಲ. ಅಜ್ಜನ ನಿದ್ದೆ ನೋಡುತ್ತ ನಾಲ್ಕರವರೆಗೂ ಕಾದರು. ಬಾಗಿಲು ತೆಗೆದ ಕೂಡಲೇ ಅದೇ ಗಾದಿ ಬೇಕೆಂದು ಹಟ ಹಿಡಿದರು. ಅಜ್ಜ ಮುಖ ತೊಳೆದು ಬರುವಷ್ಟರಲ್ಲಿ ನಮ್ಮಪ್ಪ ಅದನ್ನು ಮಾರಿ ರಿಕ್ಷಾಕ್ಕೆ ಹಾಕಿಸಿಯಾಗಿತ್ತು.

ಮರುದಿನದಿಂದ ಅಜ್ಜನಿಗೆ ನಿದ್ದೆ ಬರಲೊಲ್ಲದು. ಅಂಗಡಿಯ ಗಾದಿಗಳ ಮೇಲೆಲ್ಲ ಒಂದೊಂದಾಗಿ ಮಲಗಿ ನೋಡಿದ, ಆಗಲಿಲ್ಲ. ಕೆಲವು ದಿನ ತಡೆದುಕೊಂಡು, "ಹತ್ತಿ ಕೂತದೇನು ನೋಡಿ ಬರ್ತೀನಿ," ಎಂದು ಮೇಷ್ಟ್ರ ಮನೆಗೆ ಹೊರಟ. ಎರಡು ಗಂಟೆಯ ಹೊತ್ತಿಗೆ ನಮ್ಮ ಫೋನು ರಿಂಗಾಯಿತು. ಮೇಷ್ಟ್ರ ಹೆಂಡತಿ, ಸಣ್ಣ ದನಿಯಲ್ಲಿ, ನಿಮ್ಮ ಯಜಮಾನರು ಗಾದಿ ಒತ್ತಿ ನೋಡುತ್ತ ನೋಡುತ್ತ ಮಲಗಿಬಿಟ್ಟಿದ್ದಾರೆ ಎಂದರು. ಅಜ್ಜಿಗೆ ಭೂಮಿಯೊಳಗೆ ಇಳಿದುಹೋಗೋಣವೆನಿಸಿತು. ಎಬ್ಬಿಸಿ ಕಳಿಸಿರಿ ಎಂದು ಕೈಮುಗಿದಳು, ಫೋನಿಗೆ.

ಎಬ್ಬಿಸುವುದೇನೂ ಬೇಡ, ನಾಲ್ಕಕ್ಕೆ ಏಳುತ್ತೇನೆಂದು ಹೇಳಿಯೇ ಮಲಗಿದ್ದಾರೆ, ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕು ಎಂದು ಕೇಳಲು ಫೋನು ಮಾಡಿದೆ ಎಂದರು ಆಕೆ.

ನೀರಿನ ಗ್ಲಾಸು

ಕೆಲವು ವರ್ಷಗಳಲ್ಲಿ ಎದುರಿಗೇ ಫೋಮ್ ಗಾದಿಯ ಶೋರೂಮ್ ಬಂತು. ಏಸಿ, ಟೈ ಕಟ್ಟಿದ ಹುಡುಗರು. ಅಜ್ಜ ಒಂದು ದಿನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ. ಸೇಲ್ಸ್‌ಮನ್ ಗಾದಿಯ ಒಂದು ತುದಿಯಲ್ಲಿ ತುಂಬಿದ ನೀರಿನ ಗ್ಲಾಸು ಇಟ್ಟು, ಇನ್ನೊಂದು ತುದಿಯಲ್ಲಿ ತಾನು ಕುಣಿದು ತೋರಿಸಿದ. ಒಂದು ಹನಿಯೂ ತುಳುಕಲಿಲ್ಲ.

ಅಜ್ಜ ಎಲ್ಲವನ್ನೂ ಗಮನವಿಟ್ಟು ನೋಡಿದ. ಆಮೇಲೆ ಗ್ಲಾಸು ಎತ್ತಿ ನೀರು ಕುಡಿದು, ಗಾದಿಯ ಮೇಲೆ ಕುಣಿಯುವವರು ನಮ್ಮ ಗಿರಾಕಿಗಳಲ್ಲಿ ಯಾರೂ ಇಲ್ಲಪ್ಪ ಎಂದು ಹೇಳಿ ಬಂದ.

ಬೂಟು ಬಿಚ್ಚದ ವರ

ನನಗೆ ವರ ನೋಡಲು ಶುರುಮಾಡುವ ಹೊತ್ತಿಗೆ ಅಜ್ಜನ ಕಣ್ಣು ಮಂಜಾಗುತ್ತಿತ್ತು. ದಬ್ಬಣಕ್ಕೆ ದಾರ ಪೋಣಿಸಲು ನನ್ನನ್ನು ಕೂಗುತ್ತಿದ್ದ. ಕಣ್ಣು ಪೂರ್ತಿ ಕೈಕೊಡುವ ಮೊದಲು ನನ್ನ ಮದುವೆಯ ಗಾದಿ ಹೊಲಿದುಬಿಡಬೇಕೆಂಬ ಅವಸರ ಅವನಿಗೆ. ಅವಸರವಿದ್ದರೂ ನಿಯಮ ಸಡಿಲಿಸಲಿಲ್ಲ. ಮಲಗುವವರು ಯಾರೆಂದು ಗೊತ್ತಾಗಬೇಕು. ಹಾಗಾಗಿ ನನ್ನನ್ನು ನೋಡಲು ಬಂದ ಗಂಡುಗಳನ್ನೆಲ್ಲ ಉಪ್ಪಿಟ್ಟು ತಿಂದಾದ ಮೇಲೆ ಕೆಳಗೆ ಕರೆದೊಯ್ದು ಗಾದಿಯ ಮೇಲೆ ಮಲಗಿಸುತ್ತಿದ್ದ.

ಒಬ್ಬ ಬೂಟು ಬಿಚ್ಚಲು ಒಲ್ಲೆನೆಂದ. ಇನ್ನೊಬ್ಬ ಹೊಸ ಮೊಬೈಲನ್ನು ಎದೆಯ ಮೇಲಿಟ್ಟುಕೊಂಡು, ಯಾರೂ ಫೋನು ಮಾಡದಿದ್ದರೂ ಅದನ್ನೇ ನೋಡುತ್ತ ಮಲಗಿದ. ಮತ್ತೊಬ್ಬ ಗಾದಿಯ ಬಟ್ಟೆ ತಿಕ್ಕಿ ನೋಡಿ, ಇದರಲ್ಲಿ ನಿಮಗೆ ಉಳಿಯುವುದೆಷ್ಟು ಎಂದು ಕೇಳಿದ. ಮೂವರೂ ಬೇಡವಾದರು.

"ಹುಡುಗ ಹ್ಯಾಂಗ ಮಲಗತಾನ ಅಂತ ನೋಡಿ ಯಾರರ ಹೆಣ್ಣ ಕೊಡ್ತಾರೇನ್ರಿ?" ಎಂದು ಅಜ್ಜಿ ಸಿಟ್ಟಾದಳು.

"ನೋಡೂದಿಲ್ಲ. ಅದಕ್ಕ ಮನಿಮನ್ಯಾಗ ಇಷ್ಟ ಜಗಳ ಅದಾವ," ಎಂದ ಅಜ್ಜ.

ನನಗೂ ಹೆದರಿಕೆಯಾಗತೊಡಗಿತು. ಗಾದಿ ಅಂಗಡಿಯವರ ಮನೆಗೆ ಹೋದರೆ ಮಲಗಿಸಿ ನೋಡುತ್ತಾರೆ ಎಂಬ ಸುದ್ದಿ ನಮ್ಮ ಕನ್ನಡ ಜನರಲ್ಲೆಲ್ಲ ಹಬ್ಬಿತ್ತು. ಹೀಗೇ ಆದರೆ ನಾನೂ ಅಂಗಡಿಯ ಗಾಜಿನ ಹಿಂದಿನ ಗಾದಿಯ ಹಾಗೆ ನೋಡಿದವರೆಲ್ಲ ನೋಡಿ ಹೋಗುವವಳಾಗುತ್ತೇನೆ ಎಂದು ಅತ್ತುಬಿಟ್ಟೆ. ಅದನ್ನು ಕೇಳಿ ಅಜ್ಜನ ಮುಖ ಸಣ್ಣದಾಯಿತು. ಮುಂದಿನ ಗಂಡು ಬಂದಾಗ ಗಾದಿಯ ಮಾತೆತ್ತುವುದಿಲ್ಲ, ಕರೆಯುವವರೆಗೆ ಮೇಲಕ್ಕೂ ಬರುವುದಿಲ್ಲ ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ರಾತ್ರಿ ಪಾಳಿ

ಮುಂದಿನ ಗಂಡು ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ತಂದೆತಾಯಿ ಮೂರು ಗಂಟೆಗೆ ಮನೆಯಿಂದ ಬರುವುದು, ಅವನು ನೇರವಾಗಿ ಕಾರ್ಖಾನೆಯ ಕಡೆಯಿಂದ ಬರುವುದು ಎಂದು ಮಾತಾಗಿತ್ತು. ಮೂರಕ್ಕೆ ಅವರು ಹಿಂದಿನ ಮೆಟ್ಟಿಲು ಹತ್ತಿ ಬಂದರು. ಹುಡುಗನ ಸುಳಿವಿಲ್ಲ. ಬಸ್ಸು ತಡವಾಗಿರಬೇಕು ಎಂದು ಅವನ ತಾಯಿ ಮತ್ತೆ ಮತ್ತೆ ಹೇಳಿದರು. ಉಪ್ಪಿಟ್ಟು ಆರಿತು. ಸುದ್ದಿ ಕೇಳಿ ಹುಡುಗ ಓಡಿಹೋಗಿದ್ದಾನೆಂದು ಅಪ್ಪನ ಮುಖದ ಮೇಲೇ ಬರೆದಿತ್ತು. ನಾನು ಅಳು ನುಂಗಿಕೊಂಡು ಕಿಟಕಿಯಿಂದ ಇಣುಕಿದೆ. ಕೆಳಗೆ ಅಂಗಡಿಯ ಗಾಜಿನ ಮುಂದೆ ಜನ ಕೂಡಿತ್ತು.

ಎಲ್ಲರೂ ಇಳಿದು ಓಡಿದೆವು. ಗಾಜಿನ ಹಿಂದೆ ಅಜ್ಜ ಗೊರಕೆ ಹೊಡೆಯುತ್ತಿದ್ದ. ಅವನ ಪಕ್ಕದಲ್ಲಿ, ಅದೇ ಚಾದರದೊಳಗೆ, ಬಾಯಿ ತೆರೆದುಕೊಂಡು ವರ.

ಬಾಗಿಲು ಬಡಿದೆವು, ಗಾಜು ತಟ್ಟಿದೆವು. ಇಬ್ಬರೂ ಎದ್ದದ್ದು ಸರಿಯಾಗಿ ನಾಲ್ಕಕ್ಕೆ. ಬಾಗಿಲು ತೆಗೆದ ಅಜ್ಜನ ಮೇಲೆ ಅಪ್ಪ ಹರಿಹಾಯ್ದ, ಆಣೆ ಮುರಿದಿರೆಂದು.

"ನಾ ಏನೂ ಅಂದಿಲ್ಲ," ಎಂದ ಅಜ್ಜ. "ಅಂವ ದಗದದಿಂದ ಲಗೂನ ಬಂದ, ಒಬ್ಬನ ಮ್ಯಾಲ ಹೋಗಾಕ ನಾಚಿ ಇಲ್ಲೆ ಕುಂತ. ಚಪ್ಪಲಿ ಬಿಟ್ಟು ಕುಂತ, ನೋಡ್ರಿ. ಕುಂತಾಂವ ಹಂಗ ಅಡ್ಡಾದ. ಚಾದರ ಹೊಚ್ಚಿದೆ. ಅಷ್ಟರಾಗ ಒಂದು ಗಂಟೆ ಬಡೀತು."

ರಾತ್ರಿ ಪಾಳಿ ಮುಗಿದ ಮೇಲೆ ಬದಲಿ ಬರಬೇಕಾದವನು ಬಾರದೆ, ಆ ದಿನ ಬೆಳಿಗ್ಗೆ ಹತ್ತರವರೆಗೂ ದುಡಿದು ಬಂದಿದ್ದನಂತೆ. ಅವನ ತಾಯಿ ನಾಚಿಕೆಯಿಂದ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಅವನು ಎದ್ದು ಕೂತ, ಕೂದಲು ನೆಟ್ಟಗೆ ನಿಂತಿತ್ತು. ಎದುರಿಗೆ ರೇಷ್ಮೆ ಸೀರೆಯುಟ್ಟು ನಿಂತಿದ್ದ ನನ್ನನ್ನು ನೋಡಿ, "ಎಷ್ಟ ಗಂಟೆ ಆತ್ರಿ?" ಎಂದ. ನನ್ನ ಗಂಡ ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ನಕ್ಕುಬಿಟ್ಟೆ. ಅಜ್ಜ ಆಗಲೇ ಕೈಯಿಂದ ಅವನ ಭುಜದ ಅಗಲ ಅಳೆಯುತ್ತಿದ್ದ.

ನನ್ನ ಗಾದಿ

ಗಾದಿಯನ್ನು ಅಜ್ಜನೇ ಹೊಲಿದ. ದಾರ ಪೋಣಿಸಿದವಳು ನಾನು. ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ.

ಮದುವೆಯಾಗಿ ನಾವು ವಾಘೋಲಿಯಲ್ಲಿ ಮನೆ ಮಾಡಿದೆವು. ಮೊದಲ ರವಿವಾರ ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಅಜ್ಜ ಬಂದ, ಹತ್ತಿ ಕೂತದೇನು ನೋಡಬೇಕಂತೆ. ಊಟ ಮಾಡಿ, ಗಾದಿ ಒತ್ತಿ ನೋಡಿ, ಮಲಗಿದ. ಅದರ ಮುಂದಿನ ರವಿವಾರವೂ ಬಂದ. ಅಜ್ಜ ಇರುವವರೆಗೂ ಆ ಹತ್ತಿ ಪೂರ್ತಿ ಕೂರಲೇ ಇಲ್ಲ. ಅವನು ನೋಡಲು ಬರುತ್ತಿದ್ದದ್ದು ನನ್ನನ್ನು ಎಂದು ನನಗೆ ಗೊತ್ತಿತ್ತು, ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನಾಚಿಕೊಂಡು ಬರುವುದು ಬಿಟ್ಟಾನು ಎಂದು ಭಯ. ನನ್ನನ್ನು ಇಷ್ಟು ಪ್ರೀತಿ ಮಾಡಿದವರು ಬೇರೆ ಯಾರೂ ಇಲ್ಲ.

ನನ್ನ ಗಂಡನಿಗೆ ರವಿವಾರ ಮತ್ತೆ ರಾತ್ರಿ ಪಾಳಿ. ಹಗಲು ನಿದ್ದೆ ಆಗಲೇಬೇಕು. ಅವನು ಕೋಣೆಗೆ ಹೋಗಿ, "ಅಜ್ಜಾರ, ಒಂಚೂರು ಸರೀರಿ," ಎನ್ನುತ್ತಿದ್ದ. ಅಜ್ಜ ಕಣ್ಣು ತೆರೆಯದೆ ಸರಿಯುತ್ತಿದ್ದ. ನಾಲ್ಕರವರೆಗೆ ಇಬ್ಬರ ಗೊರಕೆ. ನಾನು ಹುಟ್ಟಿದಾಗಿನಿಂದ ಹೇಳಿ ಹೇಳಿ ಅಜ್ಜ ಯಾರಿಗೆಂದು ಆ ಗಾದಿ ಹೊಲಿದಿದ್ದನೋ, ಆ ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತೂಕಡಿಸುತ್ತ ಕೂತಿರುತ್ತಿದ್ದೆ.