ಬಾಳೆನಾರಿನ ಶರಟು

ಬೆಸಗರಹಳ್ಳಿಯಲ್ಲಿ ಭಾವಮೈದುನನ ಗೃಹಪ್ರವೇಶದ ದಿನ ಷಡ್ಡಕ ಜಯಪ್ರಕಾಶ್ ನನ್ನ ಶರಟು ನೋಡಿ ಕರುಬಬೇಕು. ಅದನ್ನು ನನ್ನ ಹೆಂಡತಿ ಶಶಿರೇಖಾ ಕಣ್ಣಾರೆ ಕಾಣಬೇಕು! ಮಂಡ್ಯದ ನಮ್ಮ ಮನೆಯ ಕನ್ನಡಿಯ ಮುಂದೆ ನಿಂತು ನಾನು ಭೀಷ್ಮಪ್ರತಿಜ್ಞೆಯನ್ನೇ ಮಾಡಿದೆ.

ಕಾರಣವಿತ್ತು. ಮಳವಳ್ಳಿಯ ಜಯಪ್ರಕಾಶ್ ಹೋದ ತಿಂಗಳು ಹೊಸ ಶರಟು ತೊಟ್ಟು ನಮ್ಮ ಮನೆಗೆ ಬಂದಿದ್ದರು. ಅಂದಿನಿಂದ ಶಶಿರೇಖಾಳದು ಒಂದೇ ಜಪ.

“ರೀ, ಬಾವನ ಶರಟು ಬಿಸಾಕಿದ ನೀರಿನ ಬಾಟ್ಲಿಯಿಂದ ಮಾಡಿದ್ದಂತೆ! ಭೂಮ್ತಾಯಿ ಮ್ಯಾಲೆ ಏನ್ ಕಾಳಜಿ!”

“ನನ್ನಂತೋರು ಬಾಟ್ಲಿ ಬಿಸಾಕ್ದೆ ಇದ್ದಿದ್ರೆ ಅವ್ರಿಗೆ ಶರಟೆಲ್ಲಿಂದ ಬತ್ತಿತ್ತು?”

“ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು ಕಣ್ರೀ.”

ಮರುಬಳಕೆಯ ನೂಲಿಗೆ, ನಾರಿನ ಬಟ್ಟೆಗೆ ಈಗ ಎಲ್ಲಿಲ್ಲದ ಬೇಡಿಕೆ. ನಾನೂ ಬೆಂಗಳೂರಿನಿಂದ ಬಾಳೆನಾರಿನ ಶರಟು ತರಿಸಿದೆ. ಬಾಟ್ಲಿ ಎಷ್ಟಾದರೂ ಬಾಟ್ಲಿ; ಬಾಳೆ ಕಡಿದಷ್ಟೂ ಚಿಗುರುತ್ತದೆ! ಗೃಹಪ್ರವೇಶದ ಮುನ್ನಾದಿನವೇ ಬೆಸಗರಹಳ್ಳಿಯ ಅತ್ತೆಯ ಹಳೇ ಮನೆ ಸೇರಿ, ಶರಟು ಇನ್ನಷ್ಟು ಗತ್ತಿನಿಂದ ನಿಲ್ಲಲೆಂದು ಅನ್ನದ ಗಂಜಿಯಲ್ಲಿ ಅದ್ದಿ, ಕೊಟ್ಟಿಗೆಯ ಪಕ್ಕದ ಹಗ್ಗಕ್ಕೆ ಹರವಿದೆ.

ಬೆಳಿಗ್ಗೆ ನೋಡಿದರೆ ಹಗ್ಗದ ಮೇಲೆ ಒಂದು ತೋಳು ಮಾತ್ರ ಉಳಿದಿತ್ತು. ಮಿಕ್ಕದ್ದನ್ನು ಎಮ್ಮೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು!

ನನ್ನ ಕೂಗಿಗೆ ಅತ್ತೆ ಮಲ್ಲಿಗಮ್ಮ ಓಡಿಬಂದರು.

“ಯಾವುದ್ರಲ್ಲಿ ಮಾಡಿದ್ದು ಅಳಿಯಂದ್ರೇ?”

“ಬಾಳೆನಾರಲ್ಲಿ.”

“ಗಂಜಿ ಬ್ಯಾರೆ ಆಕಿದ್ರಾ?”

“ಹೂಂ.”

“ಬಾಳೆ ದಿಂಡ್ಗೆ ಗಂಜಿ ಆಕಿ ಬಾಯ್ತಾವ ಇಟ್ರೆ ಎಮ್ಮೆ ಏನ್ ಉಪಾಸ ಮಾಡ್ತದಾ? ನಾವೂ ದಿನಾ ಅಷ್ಟು ಚೆಂದಾಗಿ ಇಕ್ಕಕಿಲ್ಲ, ಬುಡಿ!”

ಬಸ್ಸಿನಲ್ಲಿ ತೊಟ್ಟು ಬಂದಿದ್ದ ಶರಟನ್ನು ನಾನೇ ಸೋಪಿನ ನೀರಿಗೆ ಹಾಕಿದ್ದೆ. ಪಕ್ಕದಲ್ಲೇ ಹೊಸ ಮನೆಯ ಮುಂದೆ ಫೋಟೊದವನು ಎಲ್ಲರನ್ನೂ ಕರೆಯುತ್ತಿದ್ದ. ನಾನು ಬರಿಮೈಯಲ್ಲಿ ಹಳೇ ಮನೆಯ ಬಾಗಿಲ ಹಿಂದೆ ಅವಿತಿದ್ದೆ. ಆಗ ಜಯಪ್ರಕಾಶ್ ಒಳಬಂದು, ತಮ್ಮ ಬಾಟ್ಲಿ ಶರಟನ್ನೇ ಬಿಚ್ಚಿ ನನ್ನ ಕೈಗಿಟ್ಟರು.

“ತಕಳಪ್ಪ ನಾಗರಾಜು. ನಂಗೆ ಬನೀನು, ಟವಲ್ಲು ಸಾಕು.”

ತೊಟ್ಟೆ. ಭುಜ ಸರಿಯಾಗಿ ಕೂತಿತು. ಒಳಗಿನ ಕಿಚ್ಚಿಗೆ ಮಾತ್ರ ಹೊಟ್ಟೆಯ ಬಳಿ ಇಕ್ಕಟ್ಟಾಯಿತು! ಫೋಟೊಗೆ ನಿಂತಾಗ ಶಶಿರೇಖಾ ನನ್ನತ್ತ ತಿರುಗಿದಳು. ಮುಖ ಅರಳಿತ್ತು. ಮದುವೆಯಾದ ಮೇಲೆ ನಾನು ಕಂಡೇ ಇರದಂಥ ಮೆಚ್ಚುಗೆ! ಎದೆ ಉಬ್ಬಿಸಿದೆ.

“ರೀ,” ಎಂದಳು ಮೆಲ್ಲಗೆ, “ವಸಿ ಪಕ್ಕಕ್ಕೆ ಸರೀರಿ, ಬಾವ ಕಾಣ್ತಿಲ್ಲ. ಬರೀ ಬನೀನಲ್ಲೂ ಎಷ್ಟು ಲಕ್ಷಣವಾಗವ್ರೆ ನೋಡಿ!”