ಡಬ್ಬಲ್ ದಾರ ಹಾಕಿ ಹೊಲಿದ ಹೂವು

ಆಗ ನನಗ ಅರವತ್ತೊಂಬತ್ತು. ಇದು ನಾಕು ವರ್ಷದ ಹಿಂದಿನ ಮಾತು. ಮೂರನೇತ್ತಾ ತನಕ ಸಾಲಿ ಕಲಿತಾಕಿ ನಾ. ಇಷ್ಟು ಬರಿಯಾಕ ಒಂದು ವಾರ ಹಿಡಿದೈತಿ. ಅಕ್ಷರ ತಪ್ಪಿದ್ರ ತಿದ್ದಿಕೊಂಡು ಓದ್ರಿ. ಸಿಟ್ಟು ಮಾತ್ರ ತಿದ್ದಬ್ಯಾಡ್ರಿ, ಅದು ಇನ್ನೂ ಹಂಗ ಐತಿ.

ನನ್ನ ಮೊಮ್ಮಗಳು ರೇಣುಕಾ ಅರಬಿ ಹೂವು, ಅಂದ್ರ ಬಟ್ಟಿ ಹೂವು, ಮಾಡ್ತಾಳ. ಬನಹಟ್ಟಿ ಮಗ್ಗದವರು ಒಗಿಯೋ ಸೀರಿ ತುಂಡು ಚೀಲಗಟ್ಟಲೆ ತಂದು, ಕತ್ತರಿಸಿ, ಹೊಲಿದು, ಮದುವಿ ಮಂಟಪದ ಸಿಂಗಾರಕ್ಕ ಕೊಡ್ತಾಳ. ಮದುವಿ ಮುಗಿದ ಮ್ಯಾಲ ಬಿಚ್ಚಿ ತಂದು, ಧೂಳ ಝಾಡಿಸಿ, ಮತ್ತೊಂದು ಮದುವಿಗೆ ಅವನ್ನ ಕಟ್ಟತಾಳ. ಮೊದಲ ಕೇಳಿ ನನಗ ನಗಿ ಬಂದಿತ್ತು. ಆಮ್ಯಾಲ ಜಮಖಂಡ್ಯಾಗ ಒಂದು ಕಲ್ಯಾಣ ಮಂಟಪದ ಹಿತ್ತಲಕ್ಕ ಹೋಗಿ ನೋಡಿದೆ. ಒಂದು ದಿನದ ಮದುವಿಗೆ ತಂದ ಹೂವು, ಮರುದಿನ ಗಟಾರದಾಗ ಗುಡ್ಡಿಯಾಗಿ ಬಿದ್ದು ನಾರಾಕತ್ತಿತ್ತು, ತಂತಿ, ಥರ್ಮಾಕೋಲ ಸಮೇತ. ಮೂಗು ಮುಚ್ಚಿಕೊಂಡು ಮನಿಗೆ ಬಂದು ಸೂಜಿ ಹಿಡಿದೆ. ನಾ ಹೊಲಿದ ಹೂವು ಎಮ್ಮಿ ಜಗ್ಗಿದ್ರೂ ಬರತಿರಲಿಲ್ಲ. ಡಬ್ಬಲ್ ದಾರ, ಮ್ಯಾಲ ಮೂರು ಗಂಟು.

ಅಷ್ಟರಾಗ ರೇಣುಕಾಗ ಗಲಗಲಿಯಿಂದ ಒಂದು ಸಂಬಂಧ ಬಂತು. ಹುಡುಗ ಛಲೋ ಇದ್ದ. ಇಕಿಗೂ ಮನಸ್ಸಿತ್ತು. ಫೋನ್ ಬಂದ್ರ ಸಾಕು, ದನದ ಕೊಟ್ಟಿಗಿಗೆ ಹೋಗಿ ಮಾತಾಡಾಕಿ. ಆದ್ರ ಅವರ ಮನ್ಯಾಗ ನಡಿಯೋದು ಹುಡುಗನ ಕಾಕಾ ಮಾಳಪ್ಪಂದು. ಅವ ಅಂದ, "ಜಾತಕ ಗೀತಕ ನಮಗ ತಿಳಿಯಂಗಿಲ್ಲರಿ. ನಿಮ್ಮೂರ ಬೀರಪ್ಪ ದೇವರನ್ನ ಕೇಳೋಣು. ಬಲಕ್ಕ ಹೂವು ಕೊಟ್ರ ಅಲ್ಲೇ ಸಕ್ಕರಿ ಹಂಚೋದು. ಎಡಕ್ಕ ಕೊಟ್ರ ನಾವು ಬಸ್ ಹತ್ತೋದು."

ನಮ್ಮ ಮಂದಿಗೆ ಇದು ಹೊಸಾದಲ್ಲ. ದೇವರ ಬೆಳ್ಳಿ ಮುಖಕ್ಕ ಹಸಿ ಹೂವು ನೀರು ಹಚ್ಚಿ ಅಂಟಸ್ತಾರ. ಮಾತು ಕೇಳಿ ಕುಂಡ್ರತಾರ. ಹೊತ್ತಾದ ಮ್ಯಾಲ ಒಂದು ಹೂವು ಉದುರತೈತಿ. ಬಲಗಡೆ ಬಿದ್ರ ಹೂಂ, ಎಡಗಡೆ ಬಿದ್ರ ಉಹೂಂ. ಹುಟ್ಟಿದಾಗಿಂದ ನೋಡೇನಿ. ಇಷ್ಟು ನೋಡಿದಾಕಿ ಏನ ಮಾಡಿದ್ಲು ಕೇಳ್ರಿ.

ಬೀಗರ ಕಣ್ಣಿಗೆ ನಮ್ಮ ಹುಡುಗಿ ಕೈಕೆಲಸ ಬೀಳಬೇಕಂತ, ಅವರು ಬರೋ ಹಿಂದಿನ ದಿನ ಗುಡಿಗೆಲ್ಲಾ ಅರಬಿ ಹೂವು ಕಟ್ಟಾಕ ನಿಂತೆ.

"ಬಾಗಲಕ್ಕ ಕಟ್ಟು ಆಯಿ, ಕಂಬಕ್ಕ ಕಟ್ಟು. ದೇವರಿಗೆ ಬ್ಯಾಡ," ಅಂದ್ಲು ರೇಣುಕಾ.

"ಯಾಕ, ದೇವರಿಗೆ ಗಟಾರದ ನಾತ ಬೇಕೇನು?"

"ಹಂಗಲ್ಲ ಬೇ, ನಾಳಿ ಅವರು ಕೇಳೋದು..."

"ನೀ ಬಾಯಿ ಮುಚ್ಚು. ನಿಮ್ಮವ್ವನ್ನ ಹಡದಾಕಿ ನಾ."

ಉದ್ದನ್ನ ಪಟ್ಟಿ ಮ್ಯಾಲ ಹೂವು ಸಾಲಾಗಿ ಹೊಲಿದು, ಬೆಳ್ಳಿ ಮುಖದ ಸುತ್ತ ಬಿಗಿದು, ಹಿಂದ ಗಂಟು ಹಾಕಿದೆ. ಪೂಜಾರಿ ಸಿದ್ದಪ್ಪಗ ಎರಡೂ ಕಣ್ಣಾಗ ಪೊರಿ. ಬೆರಳಿಂದ ಮುಟ್ಟಿ ನೋಡಿ, "ಭಾಳ ಮೆತ್ತಗ ಅದಾವಲಾ, ಯಾರ ತೋಟದ್ದು?" ಅಂದ. ನಾ ಹಿಗ್ಗಿ ಮನಿಗೆ ಹೋದೆ.

ಮರುದಿನ ಬೀಗರು ಬಂದ್ರು. ಮಾಳಪ್ಪ ಕೈಮುಗಿದು ಮಾತು ಕೇಳಿದ. ಎಲ್ಲಾರೂ ಕುಂತ್ವಿ. ಒಂದು ತಾಸಾತು, ಹೂವು ಅಲುಗಲಿಲ್ಲ.

"ದೇವರು ವಿಚಾರ ಮಾಡಾಕತ್ತಾನ," ಅಂದ ಮಾಳಪ್ಪ.

ರೇಣುಕಾ ನನ್ನ ಕಡೆ ಒಂದ ಸಲ ನೋಡಿದ್ಲು. ಆಗ ನನಗ ನೆನಪಾತು. ಡಬ್ಬಲ್ ದಾರ. ಮೂರು ಗಂಟು.

ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎದ್ದು ಗಂಟಿ ಬಾರಿಸಿದೆ, ಗ್ವಾಡಿ ನಡುಗುವಂಗ. ಮ್ಯಾಲಿಂದ ಎರಡು ಪಾರಿವಾಳ ಹಾರಿ ಹೋದ್ವು, ಹೂವು ಹೋಗಲಿಲ್ಲ. ಫ್ಯಾನ್ ಹಚ್ಚಿದೆ. ದೀಪ ಆರಿತು. ಸಿದ್ದಪ್ಪ ನನಗ ಬೈದ.

ಎರಡು ತಾಸಾತು. ಮಾಳಪ್ಪ ಮೀಸಿ ಮ್ಯಾಲ ಕೈಯಾಡಿಸಿ ಅಂದ, "ದೇವರು ಇಷ್ಟೊತ್ತು ತಗೋತಾನಂದ್ರ ಹುಡುಗಿ ಕಡೆ ಏನರ ಇರಬೇಕು."

ಹುಡುಗಿ ಕಡೆ! ಮುಂಜಾನಿ ಐದಕ್ಕೆದ್ದು ಎಮ್ಮಿ ಹಿಂಡಿ, ಹಗಲೆಲ್ಲಾ ಹೊಲಿದು, ನನ್ನಂಥಾ ಮುದುಕಿ ಬಾಯಿ ತಡಕೊಂಡು ಬಾಳೇವು ಮಾಡೋ ಹುಡುಗಿ ಕಡೆ. ನನ್ನ ತಲಿ ಕೆಟ್ಟಿತು. "ದೀಪಕ್ಕ ಎಣ್ಣಿ ಹಾಕ್ತೇನಿ," ಅಂತ ದೇವರ ಹತ್ರ ಹೋಗಿ, ಸೆರಗು ಮರಿ ಮಾಡಿ, ಬಲಗಡೆ ಹೂವು ಒಂದು ಹಿಡಿದು ಜಗ್ಗಿದೆ. ಬರಲಿಲ್ಲ. ಉಗುರು ಹಾಕಿ ಜಗ್ಗಿದೆ. ಬರಲಿಲ್ಲ. ಗ್ವಾಡಿಗೆ ಕಾಲು ಕೊಟ್ಟು ಎರಡೂ ಕೈಲೆ ಜಗ್ಗಿದೆ.

ಬಂತು. ಹೂವು, ಪಟ್ಟಿ, ದೇವರ ತಲಿಗೆ ಸುತ್ತಿದ ರುಂಬಾಲ, ಬೆಳ್ಳಿ ಮುಖ, ಎಲ್ಲಾ ಕೂಡಿ ಬಂತು. ಖಣಖಣ ಅಂತ ಎಡಗಡೆ ಉರುಳಿ ಹೋಗಿ ಮಾಳಪ್ಪನ ಮೊಣಕಾಲಿಗೆ ಬಡಿದು ನಿಂತಿತು.

ಕಣ್ಣು ಕಾಣದ ಸಿದ್ದಪ್ಪ ಖುಷಿಲೆ ಕೇಳಿದ, "ಬಿತ್ತೇನ್ರಿ? ಯಾವ ಕಡೆ?"

"ಹೂವಲ್ಲೋ ಪೂಜಾರಿ, ದೇವರೇ ಬಿದ್ದಾನ. ಎಡಕ್ಕ," ಅಂದು ಮಾಳಪ್ಪ ಎದ್ದ. ಅವನ ಮಂದಿನೂ ಎದ್ರು. ಹುಡುಗ ಒಬ್ಬನ ಕುಂತಿದ್ದ.

ರೇಣುಕಾ ಅಳಲಿಲ್ಲ. ಬೆಳ್ಳಿ ಮುಖ ಎತ್ತಿ ಸಿದ್ದಪ್ಪನ ಕೈಯಾಗ ಕೊಟ್ಲು. ಪಟ್ಟಿ ತಿರುವಿ ಮಾಳಪ್ಪನ ಮುಂದ ಹಿಡಿದ್ಲು. "ಕಾಕಾ, ಇದು ನಮ್ಮ ಆಯಿ ಹೊಲಿಗಿ. ಬಾಯಿ ಹೊಲಿದು ಕುಂಡ್ರಿಸಿದ್ರ ದೇವರು ಏನ ಹೇಳ್ಯಾನ್ರಿ?"

ಮಾಳಪ್ಪ ಒಂದು ಹೂವು ಹಿಡಿದು ಜಗ್ಗಿದ. ಉಗುರು ಕಿತ್ತಿತು, ಹೂವು ಕೀಳಲಿಲ್ಲ. ಬೆರಳು ಬಾಯಾಗ ಇಟ್ಟಕೊಂಡು ನನ್ನ ನೋಡಿದ. ಹುಡುಗಿ ಕಡೆ ಏನೈತಿ ಅನ್ನೋದು ಅವಗ ಆಗ ತಿಳಿದಿರಬೇಕು.

"ನಾಳಿ ಮುಂಜಾನಿ ಮತ್ತ ಬರ್ತೇವಿ," ಅಂದ. "ಹಸಿ ಹೂವು ಹಾಕಸ್ರಿ. ಈ ಬೀಗ್ತಿ ಮಾತ್ರ ಗುಡಿ ಒಳಗ ಇರಬಾರದು."

"ಗುಡಿ ನಮ್ಮೂರಂದೈತಿ," ಅಂದೆ.

"ಗುಡಿ ಊರಂದರಿ. ಕೈ ನಿಮ್ದು."

ನನ್ನ ಕಡೆ ಯಾರರ ಒಂದು ಮಾತಾಡ್ತಾರೇನಂತ ತಿರುಗಿ ನೋಡಿದೆ. ರೇಣುಕಾನ ಅವ್ವ, ನನ್ನ ಮಗಳೇ, ಬೀಗರ ಪರ ಗೋಣು ಹಾಕಾಕತ್ತಿದ್ಲು.

ಮರುದಿನ ಮುಂಜಾನಿ ಸೇವಂತಿಗಿ ಹೂವು ಬಂತು. ಎಲ್ಲಾರೂ ಒಳಗ ಹೋದ್ರು. ನಾ ಹೊರಗ ಕಟ್ಟಿ ಮ್ಯಾಲ ಕುಂತು ಚಪ್ಪಲಿ ಕಾದೆ, ನಾಯಿ ಒಂದು ಸುಳಿದಾಡಾಕತ್ತಿತ್ತು. ಹೂವು ಬಲಕ್ಕ ಬಿತ್ತಂತ, ಅರ್ಧ ತಾಸಿನ್ಯಾಗ. ಯಾರೂ ಹೊರಗ ಬಂದು ನನಗ ಹೇಳಲಿಲ್ಲ. ಕಡೀಕ ಮಾಳಪ್ಪ ಸಕ್ಕರಿ ಚಪ್ಪರಿಸಿಕೋಂತ ಬಂದು, "ಮದುವಿ ಮಂಟಪಕ್ಕ ನೀವ ಹೊಲಿರಿ ಬೀಗ್ತಿ, ನಮ್ಮ ಕಡೆ ಗಾಳಿ ಭಾಳ," ಅಂದ. ಅವಗ ಹೇಳೋದು ನನ್ನ ಹೊಟ್ಟ್ಯಾಗ ಭಾಳ ಇತ್ತು. ಆದ್ರೂ ಅಷ್ಟೂ ಜೋಡಿಯೊಳಗ ಅವನ ಚಪ್ಪಲಿ ಹುಡುಕಿ, ಮಣ್ಣು ಝಾಡಿಸಿ, ಕಾಲ ಮುಂದ ಇಟ್ಟೆ.